ಭಾನುವಾರವೆಲ್ಲ ಶುಚಿ ಮಾಡಿದರೂ ಬುಧವಾರಕ್ಕೆ ಮನೆ ಮತ್ತೆ ಹಾಗೆಯೇ: ಏನು ಮಾಡಬೇಕು?

ಪ್ರಶ್ನೆ: ನಾವು ಗಂಡ ಹೆಂಡತಿ ಇಬ್ಬರೂ ಉದ್ಯೋಗದಲ್ಲಿದ್ದೇವೆ. ಒಂಬತ್ತು ಮತ್ತು ಐದು ವರ್ಷದ ಇಬ್ಬರು ಮಕ್ಕಳಿದ್ದಾರೆ. ಮಂಡಿನೋವಿರುವ ಅತ್ತೆಯವರೂ ನಮ್ಮ ಜೊತೆಗಿದ್ದಾರೆ. ಭಾನುವಾರ ಪೂರ್ತಿ ಮನೆ ಶುಚಿ ಮಾಡುವುದರಲ್ಲೇ ಕಳೆದುಹೋಗುತ್ತದೆ, ಬುಧವಾರದ ಹೊತ್ತಿಗೆ ಎಲ್ಲವೂ ಮೊದಲಿನಂತೆಯೇ ಆಗಿರುತ್ತದೆ. ದಿನಕ್ಕೊಂದು ಕೋಣೆ ಎಂಬ ವೇಳಾಪಟ್ಟಿಯನ್ನು ಪಾಲಿಸಿ ನೋಡಿದೆವು. ಮೂರೇ ವಾರಕ್ಕೆ ಅದು ನಿಂತುಹೋಯಿತು. ದಿನವೂ ಸ್ವಲ್ಪ ಸ್ವಲ್ಪ ಮಾಡುವುದು ಒಳ್ಳೆಯದೋ, ವಾರಕ್ಕೊಮ್ಮೆ ಒಟ್ಟಿಗೆ ಮಾಡುವುದೋ? ನಾನು ಬಾಯಿಬಿಟ್ಟು ಹೇಳುವವರೆಗೆ ಯಾರೂ ಕೈ ಹಾಕುವುದಿಲ್ಲ ಎಂಬುದು ಇನ್ನೊಂದು ಬೇಸರ. ಸೋಂಕುನಾಶಕಗಳನ್ನು ಎಷ್ಟರಮಟ್ಟಿಗೆ ಬಳಸಬೇಕು ಎಂಬುದನ್ನೂ ದಯವಿಟ್ಟು ತಿಳಿಸಿ.

ಉತ್ತರ: ಆ ವೇಳಾಪಟ್ಟಿ ನಿಂತುಹೋದದ್ದಕ್ಕೆ ನಿಮ್ಮಲ್ಲಿ ಯಾರ ಸೋಮಾರಿತನವೂ ಕಾರಣವೆಂದು ನನಗೆ ಅನ್ನಿಸುವುದಿಲ್ಲ. ದಿನಕ್ಕೊಂದು ಕೋಣೆ ಎಂಬ ಕ್ರಮವನ್ನು ಯಾರಿಗೂ ಜ್ವರ ಬಾರದ, ಕಚೇರಿಯಲ್ಲಿ ಯಾರಿಗೂ ತಡವಾಗದ, ಮಕ್ಕಳಿಗೆ ಪರೀಕ್ಷೆಯಿಲ್ಲದ ಒಂದು ಆದರ್ಶ ವಾರವನ್ನು ಕಲ್ಪಿಸಿಕೊಂಡು ರೂಪಿಸಿರುತ್ತಾರೆ. ಅಂಥ ವಾರ ವರ್ಷಕ್ಕೆ ನಾಲ್ಕೈದು ಸಲ ಬಂದರೆ ಹೆಚ್ಚು. ಮಂಗಳವಾರದ ಕೋಣೆ ತಪ್ಪಿದರೆ ಅದು ಬುಧವಾರದ ತಲೆಯ ಮೇಲೆ ಬೀಳುತ್ತದೆ, ಎರಡೂ ಸೇರಿ ಗುರುವಾರಕ್ಕೆ ಉಳಿಯುತ್ತವೆ, ಶನಿವಾರದ ಹೊತ್ತಿಗೆ ಆ ಪಟ್ಟಿಯ ಕಡೆಗೆ ನೋಡುವುದಕ್ಕೇ ಮನಸ್ಸು ಹಿಂಜರಿಯುತ್ತದೆ. ಆದ್ದರಿಂದ ನನ್ನ ಮೊದಲ ಸಲಹೆ ಇಷ್ಟು: ನಿಮ್ಮ ಮನೆಯ ಅತ್ಯಂತ ಕಷ್ಟದ ವಾರದಲ್ಲೂ ನಡೆಯಬಲ್ಲಷ್ಟು ಚಿಕ್ಕದಾದ ಒಂದು ಕ್ರಮವನ್ನು ಮೊದಲು ಗೊತ್ತುಮಾಡಿಕೊಳ್ಳಿ, ಉಳಿದದ್ದನ್ನೆಲ್ಲ ಅದರ ಮೇಲೆ ಕಟ್ಟಿ.

ಕೋಣೆಯನ್ನು ಲೆಕ್ಕಕ್ಕೆ ಹಿಡಿಯುವುದರಲ್ಲಿ ಇನ್ನೊಂದು ತೊಡಕೂ ಇದೆ. ಒಂದೇ ಅಡುಗೆಮನೆಯಲ್ಲಿ ಸಿಂಕ್ ಕೆಲವು ಗಂಟೆಗಳಲ್ಲಿ ಕೊಳೆಯಾಗುತ್ತದೆ, ಒಲೆಯ ಪಕ್ಕದ ಗೋಡೆ ಒಂದು ವಾರದಲ್ಲಿ ಜಿಡ್ಡಾಗುತ್ತದೆ, ಕಪಾಟಿನ ನೆತ್ತಿಯ ಮೇಲೆ ಧೂಳು ಕೂರಲು ತಿಂಗಳುಗಳೇ ಬೇಕು. ಈ ಮೂರನ್ನೂ ಒಂದೇ ದಿನದ ಕೆಲಸವೆಂದು ಕಟ್ಟಿಹಾಕಿದರೆ ಒಂದನ್ನು ಬೇಕಾದದ್ದಕ್ಕಿಂತ ಬಹಳ ತಡವಾಗಿಯೂ ಇನ್ನೊಂದನ್ನು ಅನಗತ್ಯವಾಗಿಯೂ ಮಾಡಿದಂತಾಗುತ್ತದೆ. ಹಾಗಾಗಿ ಪ್ರತಿ ಕೆಲಸದ ಮುಂದೆ ಎರಡು ಪ್ರಶ್ನೆಗಳನ್ನು ಇಟ್ಟುನೋಡಿ: ಈ ಕೊಳೆ ಎಷ್ಟು ಬೇಗ ಮರಳಿ ಬರುತ್ತದೆ? ಇದನ್ನು ಮುಂದೂಡಿದರೆ ಕೆಡುವುದೇನು? ನನ್ನ ಅನುಭವದಲ್ಲಿ ಎರಡನೆಯ ಪ್ರಶ್ನೆಯೇ ಹೆಚ್ಚು ಉಪಯೋಗಕ್ಕೆ ಬರುತ್ತದೆ, ಆದರೆ ಅದನ್ನು ಕೇಳಿಕೊಳ್ಳುವವರು ಕಡಿಮೆ.

ಕೆಲವು ಕೊಳೆಗಳು ಕಾದಷ್ಟೂ ಗಟ್ಟಿಯಾಗುತ್ತವೆ. ಅಡುಗೆ ಎಣ್ಣೆಯ ಹನಿ ಬಿದ್ದ ದಿನವೇ ಸೋಪಿನ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದರೆ ಹೋಗುತ್ತದೆ. ಹಾಗೆಯೇ ಬಿಟ್ಟರೆ ಶಾಖಕ್ಕೂ ಗಾಳಿಯಲ್ಲಿರುವ ಆಮ್ಲಜನಕಕ್ಕೂ ಸಿಕ್ಕಿ ಅದರ ಅಣುಗಳು ಒಂದಕ್ಕೊಂದು ಬೆಸೆದುಕೊಂಡು ಅಂಟಂಟಾದ ಹಳದಿ ಪದರವಾಗುತ್ತದೆ, ಆಮೇಲೆ ಅದನ್ನು ಕೆರೆದೇ ತೆಗೆಯಬೇಕು. ನಲ್ಲಿಯ ಸುತ್ತ ಕಾಣಿಸುವ ಬಿಳಿಯ ಕಲೆ ಗಡಸು ನೀರು ಆರಿದಾಗ ಉಳಿಯುವ ಕ್ಯಾಲ್ಸಿಯಂ ಕಾರ್ಬೊನೇಟ್. ಪದರದ ಮೇಲೆ ಪದರ ಕೂತಂತೆ ಅದೂ ಕಲ್ಲಾಗುತ್ತದೆ. ಒದ್ದೆಯಾಗಿ ಉಳಿದ ಬಟ್ಟೆ, ಗೋಡೆ, ಮರಗಳ ಮೇಲೆ 24ರಿಂದ 48 ಗಂಟೆಗಳಲ್ಲೇ ಬೂಷ್ಟು ಬೇರೂರಬಲ್ಲದು. ಇವೆಲ್ಲವೂ ದಿನಕ್ಕೆ ಎರಡು ನಿಮಿಷ ಬೇಡುವ, ಬಿಟ್ಟರೆ ಅರ್ಧ ದಿನ ನುಂಗುವ ಕೆಲಸಗಳು. ಇನ್ನು ಕೆಲವು ಕೊಳೆಗಳು ಕಾದರೂ ಕೆಡುಕು ಮಾಡುವುದಿಲ್ಲ. ಪುಸ್ತಕದ ಕಪಾಟಿನ ಧೂಳನ್ನು ಒಂದು ವಾರಕ್ಕೆ ಒರೆಸಿದರೂ ಮೂರು ವಾರಕ್ಕೆ ಒರೆಸಿದರೂ ಹಿಡಿಯುವ ಹೊತ್ತು ಹೆಚ್ಚುಕಡಿಮೆ ಒಂದೇ. ಕಿಟಕಿಯ ಗಾಜಿನದೂ ಅದೇ ಕಥೆ. ಮನೆಯಲ್ಲಿ ಯಾರಿಗಾದರೂ ಉಬ್ಬಸವೋ ಧೂಳಿನ ಅಲರ್ಜಿಯೋ ಇದ್ದರೆ ಮಾತ್ರ ಧೂಳನ್ನು ಮೊದಲ ಗುಂಪಿಗೆ ಸೇರಿಸಬೇಕಾಗುತ್ತದೆ.

ನಿಮ್ಮ ಬುಧವಾರದ ಬಗ್ಗೆ ಒಂದು ಮಾತು. ಹರವಿಕೊಂಡಿರುವುದು ಬೇರೆ, ಕೊಳಕಾಗಿರುವುದು ಬೇರೆ. ಮೂರು ದಿನಗಳ ಹಿಂದೆ ಗುಡಿಸಿ ಒರೆಸಿದ ಮನೆ ಮತ್ತೆ ಹಾಳಾಗಿ ಕಾಣುತ್ತಿದೆಯೆಂದರೆ ಬಹುಮಟ್ಟಿಗೆ ಅದು ಕುರ್ಚಿಯ ಮೇಲಿನ ಬಟ್ಟೆ, ಮೇಜಿನ ಮೇಲಿನ ಕಾಗದ, ನೆಲದ ಮೇಲಿನ ಆಟಿಕೆ, ಬಾಗಿಲ ಬಳಿಯ ಚೀಲಗಳಿಂದ ಆದದ್ದಾಗಿರುತ್ತದೆ. ಇದಕ್ಕೆ ಎಷ್ಟು ನೆಲ ಒರೆಸಿದರೂ ಪರಿಹಾರವಿಲ್ಲ. ವಸ್ತುಗಳ ಸಂಖ್ಯೆ ಕಡಿಮೆಯಾಗಬೇಕು, ಉಳಿದವುಗಳಿಗೆ ಮಕ್ಕಳ ಕೈಗೂ ಎಟಕುವ ಒಂದು ನೆಲೆ ಇರಬೇಕು. ಮುಚ್ಚಳ ತೆರೆದು, ವಿಂಗಡಿಸಿ, ಸಾಲಾಗಿ ಜೋಡಿಸಬೇಕಾದ ಡಬ್ಬಗಳಿಗಿಂತ ಎಸೆದರೆ ಸಾಕೆನ್ನುವಂಥ ಒಂದು ಅಗಲ ಬಾಯಿಯ ಬುಟ್ಟಿ ಐದು ವರ್ಷದ ಮಗುವಿಗೆ ಹೆಚ್ಚು ಒಗ್ಗುತ್ತದೆ. ಬಟ್ಟೆ ಎಲ್ಲಿ ಬೀಳುತ್ತದೆಯೋ ಅಲ್ಲಿಯೇ ಒಗೆಯುವ ಬಟ್ಟೆಯ ಬುಟ್ಟಿಯನ್ನು ಇಡಿ. ಬುಟ್ಟಿ ಇರುವಲ್ಲಿಗೆ ಬಟ್ಟೆ ತಾನಾಗಿ ಬರಲೆಂದು ಕಾಯುವುದರಿಂದ ಪ್ರಯೋಜನವಿಲ್ಲ. ಹಾಗೆಯೇ ಹೊರಗಿನ ಮಣ್ಣು ಒಳಗೆ ಬರುವುದು ಹೆಚ್ಚಾಗಿ ಪಾದರಕ್ಷೆಗಳ ಮೂಲಕ. ಬಾಗಿಲ ಹೊರಗೊಂದು ಒಳಗೊಂದು ಕಾಲೊರೆಸುವ ಮ್ಯಾಟ್ ಹಾಕಿ, ಚಪ್ಪಲಿ ಬೂಟುಗಳನ್ನು ಅಲ್ಲಿಯೇ ಬಿಟ್ಟರೆ ನೆಲ ಒರೆಸುವ ಕೆಲಸದಲ್ಲಿ ಎದ್ದು ಕಾಣುವಷ್ಟು ಉಳಿತಾಯವಾಗುತ್ತದೆ.

ದಿನವೂ ಸ್ವಲ್ಪವೋ ವಾರಕ್ಕೊಮ್ಮೆಯೋ ಎಂಬ ಪ್ರಶ್ನೆಗೆ ಈಗ ಬರುತ್ತೇನೆ. ಕಾದರೆ ಕೆಡುವುದನ್ನು ದಿನವೂ ಮಾಡಬೇಕು, ಕಾಯಬಲ್ಲದ್ದನ್ನು ಕಾಯಿಸಬೇಕು. ದಿನದ ಪಾಲಿಗೆ ಬರುವುದು ಪಾತ್ರೆ, ಸಿಂಕ್ ಮತ್ತು ಒಲೆಯ ಕಟ್ಟೆ, ಊಟ ಮಾಡುವ ಜಾಗದ ನೆಲ, ಆಹಾರದ ತ್ಯಾಜ್ಯವಿರುವ ಕಸದ ಬುಟ್ಟಿ, ಬಚ್ಚಲಿನ ನೆಲದಲ್ಲಿ ನಿಂತ ನೀರು, ಇಷ್ಟೇ. ಇಬ್ಬರು ವಯಸ್ಕರು ಹಂಚಿಕೊಂಡರೆ ಒಬ್ಬೊಬ್ಬರಿಗೆ ಹದಿನೈದು ನಿಮಿಷದ ಕೆಲಸ. ಇದಕ್ಕೆ ಗಡಿಯಾರದ ಹೊತ್ತು ಗೊತ್ತುಮಾಡಬೇಡಿ. ಈಗಾಗಲೇ ತಪ್ಪದೆ ನಡೆಯುವ ಯಾವುದಾದರೊಂದು ಘಟನೆಗೆ ಗಂಟು ಹಾಕಿ. ‘ರಾತ್ರಿ ಒಂಬತ್ತಕ್ಕೆ ಕಟ್ಟೆ ಒರೆಸುತ್ತೇನೆ’ ಎನ್ನುವುದಕ್ಕಿಂತ ‘ಊಟದ ಕೊನೆಯ ತಟ್ಟೆ ಸಿಂಕಿಗೆ ಬಂದ ಕೂಡಲೇ ಕಟ್ಟೆ ಒರೆಸುತ್ತೇನೆ’ ಎನ್ನುವುದು, ‘ಬಚ್ಚಲನ್ನು ಒಣದಾಗಿ ಇಡಬೇಕು’ ಎನ್ನುವುದಕ್ಕಿಂತ ‘ಕೊನೆಗೆ ಸ್ನಾನ ಮಾಡಿದವರು ನೀರೆಳೆದು ಬರಬೇಕು’ ಎನ್ನುವುದು ಬಾಳಿಕೆ ಬರುತ್ತದೆ. ‘ಇಂಥದ್ದು ಆದಾಗ ಇಂಥದ್ದು ಮಾಡುತ್ತೇನೆ’ ಎಂಬ ರೂಪದ ಸಂಕಲ್ಪ ಬರಿಯ ಸದುದ್ದೇಶಕ್ಕಿಂತ ಹೆಚ್ಚು ಫಲ ಕೊಡುತ್ತದೆ ಎಂದು ಮನಶ್ಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಜರ್ 1990ರ ದಶಕದಲ್ಲಿಯೇ ತೋರಿಸಿಕೊಟ್ಟಿದ್ದಾರೆ.

ಅಭ್ಯಾಸ ಕೂರಲು ಎಷ್ಟು ದಿನ ಬೇಕು ಎಂಬುದರ ಬಗ್ಗೆ ಇಪ್ಪತ್ತೊಂದು ದಿನದ ಮಾತೊಂದು ಚಾಲ್ತಿಯಲ್ಲಿದೆ. ಅದನ್ನು ನಂಬಿ ನಿರಾಶರಾಗಬೇಡಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು ನಡೆಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ಹೊಸ ನಡವಳಿಕೆ ಯೋಚನೆಯಿಲ್ಲದೆ ತಾನಾಗಿ ನಡೆಯುವಂತಾಗಲು ಸರಾಸರಿ 66 ದಿನಗಳು ಬೇಕಾದವು, ಆದರೆ ವ್ಯಕ್ತಿಯಿಂದ ವ್ಯಕ್ತಿಗೆ ಅದು 18ರಿಂದ 254 ದಿನಗಳವರೆಗೆ ವ್ಯತ್ಯಾಸವಾಗುತ್ತಿತ್ತು. ನಡುವೆ ಒಂದು ದಿನ ತಪ್ಪಿದ್ದರಿಂದ ಅಭ್ಯಾಸ ರೂಪುಗೊಳ್ಳುವುದಕ್ಕೆ ಹೇಳಿಕೊಳ್ಳುವಂಥ ಅಡ್ಡಿಯಾಗಲಿಲ್ಲ ಎಂಬ ಅದೇ ಅಧ್ಯಯನದ ಇನ್ನೊಂದು ಅಂಶ ನಿಮ್ಮಂಥವರಿಗೆ ಹೆಚ್ಚು ಮುಖ್ಯವಾದದ್ದು. ಮೂರು ವಾರಕ್ಕೆ ನಿಮ್ಮ ಪ್ರಯತ್ನ ಕೈಬಿಟ್ಟಾಗ ಅದಿನ್ನೂ ಬೇರುಬಿಡುವ ಹಂತದಲ್ಲಿತ್ತು, ಅಷ್ಟೇ.

ವಾರದ ಪಾಲಿಗೆ ಶೌಚಾಲಯ ಮತ್ತು ಬಚ್ಚಲನ್ನು ಉಜ್ಜುವುದು, ಮನೆಯಿಡೀ ಗುಡಿಸಿ ಒರೆಸುವುದು, ಹಾಸಿಗೆಯ ಹೊದಿಕೆ ಮತ್ತು ದಿಂಬಿನ ಕವರುಗಳನ್ನು ಬದಲಿಸುವುದು ಬರುತ್ತವೆ. ಇದನ್ನು ಭಾನುವಾರದಿಂದ ಬಿಡಿಸಿ ಎರಡು ತುಂಡು ಮಾಡಿ: ವಾರದ ನಡುವೆ ಮುಕ್ಕಾಲು ಗಂಟೆ, ಶನಿವಾರ ಬೆಳಿಗ್ಗೆ ಮುಕ್ಕಾಲು ಗಂಟೆ, ಎರಡರಲ್ಲೂ ಇಬ್ಬರೂ ಒಟ್ಟಿಗೆ. ಒಬ್ಬರು ಕೆಲಸ ಮಾಡುವಾಗ ಇನ್ನೊಬ್ಬರು ಆರಾಮವಾಗಿ ಕುಳಿತಿರುವ ದೃಶ್ಯ ಎಂಥ ಒಳ್ಳೆಯ ವೇಳಾಪಟ್ಟಿಯನ್ನೂ ಮುರಿಯಬಲ್ಲದು. ಹೊತ್ತು ಮುಗಿದ ಕೂಡಲೇ, ಮೂಲೆಯೊಂದು ಉಳಿದಿದ್ದರೂ, ನಿಲ್ಲಿಸಿಬಿಡಿ. ಮೇಲಿನಿಂದ ಕೆಳಕ್ಕೆ, ಒಣಗೆಲಸ ಮೊದಲು ಒದ್ದೆಗೆಲಸ ಆಮೇಲೆ ಎಂಬ ಅನುಕ್ರಮವನ್ನು ಮಾತ್ರ ತಪ್ಪಿಸಬೇಡಿ. ನೆಲ ಒರೆಸಿದ ಮೇಲೆ ಫ್ಯಾನಿನ ಧೂಳು ಹೊಡೆಯುವವರನ್ನು ನಾನು ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ. ಧೂಳಿನ ಅಲರ್ಜಿ ಇರುವ ಮನೆಯಲ್ಲಿ ಹೊದಿಕೆಗಳನ್ನು 60 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಒಗೆದರೆ ಅವುಗಳಲ್ಲಿರುವ ಧೂಳಿನ ನುಸಿಗಳು ಸಾಯುತ್ತವೆ.

ಬಿಡುವಿಲ್ಲದವರು ತಿಳಿದಿರಬೇಕಾದ ಒಂದು ತತ್ತ್ವವನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಬಹಳಷ್ಟು ಶ್ರಮವನ್ನು ಉಳಿಸುವುದು ಅದೇ. ಜರ್ಮನಿಯ ರಸಾಯನತಜ್ಞ ಹರ್ಬರ್ಟ್ ಸಿನ್ನರ್ 1959ರ ಸುಮಾರಿಗೆ ಶುಚಿಗೊಳಿಸುವ ಯಾವುದೇ ಕೆಲಸವನ್ನು ನಾಲ್ಕು ಅಂಶಗಳ ಒಂದು ವೃತ್ತವಾಗಿ ವಿವರಿಸಿದರು: ರಾಸಾಯನಿಕ, ಉಷ್ಣತೆ, ಉಜ್ಜುವ ಬಲ ಮತ್ತು ಕಾಲ. ಒಂದನ್ನು ಕಡಿಮೆ ಮಾಡಿದರೆ ಇನ್ನೊಂದನ್ನು ಹೆಚ್ಚಿಸಿ ಸರಿದೂಗಿಸಬೇಕು. ಅವಸರದಲ್ಲಿರುವವರು ಕಾಲವನ್ನು ಕಡಿತಗೊಳಿಸಿ, ದ್ರಾವಣ ಸುರಿದ ಕ್ಷಣವೇ ಉಜ್ಜಲು ತೊಡಗಿ ತೋಳು ನೋಯಿಸಿಕೊಳ್ಳುತ್ತಾರೆ. ಆದರೆ ಆ ಕಾಲ ನಿಮ್ಮದೇ ಆಗಬೇಕಿಲ್ಲ, ದ್ರಾವಣದ ಕಾಲವಾದರೆ ಸಾಕು. ಶನಿವಾರ ಕೆಲಸಕ್ಕೆ ಇಳಿಯುವಾಗ ಮೊದಲು ಕಮೋಡಿಗೆ ಕ್ಲೀನರ್ ಹಾಕಿ, ಒಲೆಯ ಜಿಡ್ಡಿನ ಮೇಲೆ ಬಿಸಿ ಸೋಪಿನ ನೀರಿನ ಬಟ್ಟೆಯನ್ನು ಹೊದಿಸಿ, ತಳ ಹಿಡಿದ ಪಾತ್ರೆಯಲ್ಲಿ ನೀರು ನಿಲ್ಲಿಸಿ, ಆಮೇಲೆ ಗುಡಿಸಲು ಹೋಗಿ. ಹಿಂತಿರುಗುವಷ್ಟರಲ್ಲಿ ಅರ್ಧ ಕೆಲಸ ತಾನಾಗಿ ಮುಗಿದಿರುತ್ತದೆ.

ಕಿಟಕಿ, ಫ್ಯಾನು, ಫ್ರಿಜ್ಜಿನ ಒಳಭಾಗ, ಕಪಾಟಿನ ನೆತ್ತಿ, ಜೇಡರ ಬಲೆ, ಪರದೆಗಳು ಇವುಗಳಿಗೆ ದಿನಾಂಕ ಬೇಡ. ಒಂದು ಹಾಳೆಯಲ್ಲಿ ಸಾಲಾಗಿ ಬರೆದು, ವಾರಕ್ಕೆ ಮೇಲಿನ ಒಂದನ್ನು ಮಾತ್ರ ಮಾಡಿ ಕೆಳಗೆ ಕಳುಹಿಸಿ. ಒಂದು ವಾರ ಆಗದಿದ್ದರೆ ಅದು ಸಾಲಿನ ತುದಿಯಲ್ಲೇ ಉಳಿದುಕೊಳ್ಳುತ್ತದೆ, ಬಾಕಿ ಬೆಳೆಯುವುದಿಲ್ಲ.

ಕಷ್ಟದ ವಾರಕ್ಕೆ ನಾನು ಸೂಚಿಸುವ ಕನಿಷ್ಠ ಕ್ರಮದಲ್ಲಿ ಪಾತ್ರೆ, ಆಹಾರದ ಕಸ, ಶೌಚಾಲಯ, ತೊಡಲು ಶುಚಿಯಾದ ಬಟ್ಟೆ, ಈ ನಾಲ್ಕೇ ಇರುತ್ತವೆ. ಹುಳಹುಪ್ಪಟೆ ಬಾರದಂತೆ, ಯಾರೂ ಕಾಯಿಲೆ ಬೀಳದಂತೆ ಇಷ್ಟು ಸಾಕು. ‘ಈ ವಾರ ನಾಲ್ಕರ ವಾರ’ ಎಂದು ಮನೆಯವರೆಲ್ಲರೂ ಕೂಡಿ ಘೋಷಿಸಿಕೊಳ್ಳಬೇಕು. ಒಪ್ಪಿ ಬಿಟ್ಟ ಕೆಲಸ ಮನಸ್ಸನ್ನು ಚುಚ್ಚುವುದಿಲ್ಲ, ಒಪ್ಪದೆ ಉಳಿದ ಕೆಲಸ ಚುಚ್ಚುತ್ತದೆ.

ನೀವು ಹೇಳದೆ ಯಾರೂ ಕೈ ಹಾಕುವುದಿಲ್ಲ ಎಂದು ಬರೆದಿದ್ದೀರಿ. ಇದನ್ನು ನಾನು ಪ್ರಶ್ನೆಯ ತಿರುಳೆಂದೇ ತಿಳಿಯುತ್ತೇನೆ. ಸಮಾಜಶಾಸ್ತ್ರಜ್ಞೆ ಆಲಿಸನ್ ಡ್ಯಾಮಿಂಜರ್ 2019ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ ಮನೆಗೆಲಸದ ಕಣ್ಣಿಗೆ ಕಾಣದ ಭಾಗವನ್ನು ನಾಲ್ಕು ಹಂತಗಳಾಗಿ ಬಿಡಿಸಿದ್ದಾರೆ: ಮುಂದೆ ಬೇಕಾಗುವುದನ್ನು ಊಹಿಸುವುದು, ಅದಕ್ಕಿರುವ ದಾರಿಗಳನ್ನು ಹುಡುಕುವುದು, ತೀರ್ಮಾನಿಸುವುದು, ಆಯಿತೇ ಎಂದು ಗಮನವಿಡುವುದು. ಅವರು ಮಾತನಾಡಿಸಿದ ದಂಪತಿಗಳಲ್ಲಿ ಮೊದಲನೆಯದೂ ಕೊನೆಯದೂ ವಿಶೇಷವಾಗಿ ಹೆಂಡತಿಯ ಪಾಲಿಗೆ ಬಿದ್ದಿದ್ದವು. ಕಸದ ಚೀಲ ಹೊರಗೆ ಹಾಕುವುದಷ್ಟನ್ನೇ ಇನ್ನೊಬ್ಬರಿಗೆ ವಹಿಸಿ, ಬುಟ್ಟಿ ತುಂಬಿದೆಯೇ ಎಂದು ನೋಡುವುದು, ಚೀಲಗಳು ಮುಗಿದಿವೆಯೇ ಎಂದು ನೆನಪಿಡುವುದು, ಹಾಕಿದರೇ ಎಂದು ಕೇಳುವುದು ಇವೆಲ್ಲ ನಿಮ್ಮಲ್ಲೇ ಉಳಿದರೆ ನೀವು ಹಂಚಿದ್ದು ಕೈಯ ಕೆಲಸವನ್ನು ಮಾತ್ರ, ತಲೆಯ ಭಾರವನ್ನಲ್ಲ. ಆದ್ದರಿಂದ ಕೆಲಸವನ್ನು ಬಿಡಿಬಿಡಿಯಾಗಿ ಹಂಚದೆ ಇಡಿಯಾಗಿ ಒಪ್ಪಿಸಿ. ಬಚ್ಚಲು ಮತ್ತು ಶೌಚಾಲಯ ನಿಮ್ಮ ಪತಿಯವರದಾದರೆ ಬ್ರಷ್ ಸವೆದಿರುವುದನ್ನು ಗಮನಿಸುವುದೂ ದ್ರಾವಣ ತರುವುದೂ ಯಾವಾಗ ಉಜ್ಜಬೇಕೆಂದು ನಿರ್ಧರಿಸುವುದೂ ಅವರದೇ.

ಹಾಗೆ ಒಪ್ಪಿಸುವ ಮೊದಲು ‘ಆಯಿತು’ ಎಂದರೆ ಏನು ಎಂಬುದನ್ನು ಇಬ್ಬರೂ ಆ ಜಾಗದಲ್ಲೇ ನಿಂತು ಮಾತಾಡಿಕೊಳ್ಳಿ. ಅಡುಗೆಮನೆ ಆಯಿತು ಎಂದರೆ ಸಿಂಕ್ ಖಾಲಿ, ಕಟ್ಟೆ ಒಣ, ಒರೆಸುವ ಬಟ್ಟೆ ಹಿಂಡಿ ಹರವಿದೆ ಎಂದು ಅರ್ಥವೇ, ಅಥವಾ ಡಬ್ಬಗಳೂ ಸಾಲಾಗಿ ನಿಂತಿರಬೇಕೇ? ಒಪ್ಪಿದ ಮಟ್ಟ ತಲುಪಿದ್ದರೆ ನೀವು ಹಿಂದಿನಿಂದ ಹೋಗಿ ಮತ್ತೊಮ್ಮೆ ಒರೆಸಬಾರದು. ಇದು ಕಷ್ಟವೆಂದು ಬಲ್ಲೆ. ನನಗೇ ಇದನ್ನು ಕಲಿಯಲು ವರ್ಷಗಳು ಬೇಕಾದವು. ಮಟ್ಟವನ್ನು ಯೋಚಿಸಿ ನಿಗದಿ ಮಾಡದಿದ್ದರೆ ಅದು ತಾನಾಗಿ ಏರುತ್ತದೆ ಎಂಬುದಕ್ಕೆ ಇತಿಹಾಸದಲ್ಲಿ ಸಾಕ್ಷಿಯಿದೆ. ಅಮೆರಿಕದ ಗೃಹಿಣಿಯರ ಸಮಯದ ಬಳಕೆಯನ್ನು ಪರಿಶೀಲಿಸಿ ಸಮಾಜಶಾಸ್ತ್ರಜ್ಞೆ ಜೋಆನ್ ವ್ಯಾನೆಕ್ 1974ರಲ್ಲಿ ತೋರಿಸಿದಂತೆ, ಹೊರಗೆ ದುಡಿಯದ ಮಹಿಳೆಯರು 1920ರ ದಶಕದಲ್ಲಿ ವಾರಕ್ಕೆ ಸುಮಾರು 52 ಗಂಟೆ ಮನೆಗೆಲಸ ಮಾಡುತ್ತಿದ್ದರೆ, ಅಷ್ಟೊಂದು ಯಂತ್ರಗಳು ಮನೆಗೆ ಬಂದ ಮೇಲೆ 1960ರ ದಶಕದಲ್ಲಿ 55 ಗಂಟೆ ಮಾಡುತ್ತಿದ್ದರು. ಬಟ್ಟೆ ಒಗೆಯುವುದು ಸುಲಭವಾದಂತೆ ಒಗೆಯುವ ಬಟ್ಟೆಗಳೂ ಹೆಚ್ಚಾದವು.

ಇನ್ನೊಂದು ಎಚ್ಚರಿಕೆ. ಯಾರು ಎಷ್ಟು ಮಾಡುತ್ತಾರೆ ಎಂಬ ವಾದಕ್ಕೆ ಇಳಿಯುವ ಮೊದಲು ಬರೆದುನೋಡಿ. ಮನಶ್ಶಾಸ್ತ್ರಜ್ಞರಾದ ಮೈಕಲ್ ರಾಸ್ ಮತ್ತು ಫಿಯೋರ್ ಸಿಕೋಲಿ 1979ರಲ್ಲಿ ದಂಪತಿಗಳನ್ನು ಪ್ರತ್ಯೇಕವಾಗಿ ಕೇಳಿದಾಗ ಇಬ್ಬರೂ ಹೇಳಿಕೊಂಡ ಪಾಲುಗಳ ಮೊತ್ತ ಬಹುತೇಕ ನೂರಕ್ಕೆ ನೂರನ್ನು ಮೀರುತ್ತಿತ್ತು. ತಾನು ಮಾಡಿದ್ದು ತನಗೆ ನೆನಪಿರುತ್ತದೆ, ಇನ್ನೊಬ್ಬರು ಮಾಡಿದ್ದು ಕಣ್ಣಿಗೆ ಬಿದ್ದಿರುವುದಿಲ್ಲ. ಒಂದು ವಾರ ಮಾಡಿದ್ದನ್ನು ಮಾಡಿದವರೇ ಗೋಡೆಯ ಹಾಳೆಯಲ್ಲಿ ಬರೆದರೆ ಅರ್ಧ ಜಗಳ ತಾನಾಗಿ ತಣ್ಣಗಾಗುತ್ತದೆ.

ಒಂಬತ್ತು ವರ್ಷದ ಮಗುವಿಗೆ ಊಟದ ಜಾಗವನ್ನು ಗುಡಿಸುವುದು, ತನ್ನ ಹಾಸಿಗೆ ಸರಿಪಡಿಸುವುದು ಇಡಿಯಾಗಿ ವಹಿಸಬಹುದಾದ ಕೆಲಸಗಳು. ಐದು ವರ್ಷದ ಮಗು ಜೋಡಿ ಕಾಲುಚೀಲ ಹುಡುಕಬಲ್ಲದು, ಒದ್ದೆ ಬಟ್ಟೆಯಿಂದ ತನ್ನೆತ್ತರದ ಮೇಜು ಒರೆಸಬಲ್ಲದು, ಆಟಿಕೆಗಳನ್ನು ಬುಟ್ಟಿಗೆ ಹಾಕಬಲ್ಲದು, ಪಕ್ಕದಲ್ಲಿ ಯಾರಾದರೂ ಜೊತೆಗಿದ್ದರೆ. ಮೊದಲ ಎರಡು ತಿಂಗಳು ಮಕ್ಕಳಿಂದ ನಿಮಗೆ ಹೊತ್ತು ಉಳಿಯುವುದಿಲ್ಲ, ಹೆಚ್ಚೇ ಖರ್ಚಾಗುತ್ತದೆ ಎಂದು ತಿಳಿದೇ ಹೊರಡಿ. ಅತ್ತೆಯವರ ವಿಷಯದಲ್ಲಿ ‘ನೀವು ಸುಮ್ಮನೆ ಕುಳಿತಿರಿ’ ಎಂದು ನಾವೇ ತೀರ್ಮಾನಿಸಿಬಿಡುವುದು ಸರಿಯಲ್ಲ. ಬಗ್ಗಿ ಏಳಬೇಕಾದ ಕೆಲಸ ಅವರಿಗೆ ಬೇಡ. ಬಟ್ಟೆ ಮಡಿಸುವಂಥ ಕುಳಿತು ಮಾಡುವ ಯಾವುದಾದರೊಂದನ್ನು ಅವರು ತಾವಾಗಿ ಆರಿಸಿಕೊಳ್ಳುತ್ತಾರೆಯೇ ಎಂದು ಕೇಳಿ. ಅವರ ಮಂಡಿಯನ್ನು ನೆನೆದು ಹೇಳುವುದಾದರೆ, ಬಚ್ಚಲಿನ ನೆಲ ಒಣಗಿರುವುದು ನಿಮ್ಮ ಮನೆಯಲ್ಲಿ ಶುಚಿಯ ಮಾತಿಗಿಂತ ಹೆಚ್ಚಾಗಿ ಜಾರಿಬೀಳದಿರುವ ಮಾತು. ದಿನದ ಕೆಲಸಗಳಲ್ಲಿ ಯಾವುದು ತಪ್ಪಿದರೂ ಅದು ತಪ್ಪಬಾರದು.

ಸೋಂಕುನಾಶಕಗಳ ಬಗ್ಗೆ ಜಾಹೀರಾತುಗಳು ಹೇಳುವುದಕ್ಕಿಂತ ನನ್ನ ಉತ್ತರ ಚಿಕ್ಕದು. ಸೋಪು ಮತ್ತು ನೀರು ಕೊಳೆಯ ಜೊತೆಗೆ ರೋಗಾಣುಗಳಲ್ಲಿ ಬಹುಪಾಲನ್ನು ತೊಳೆದು ಒಯ್ಯುತ್ತವೆ, ಮನೆಯ ಹೆಚ್ಚಿನ ಜಾಗಗಳಿಗೆ ಅದು ಸಾಕು. ಶೌಚಾಲಯಕ್ಕೆ, ಹಸಿ ಮಾಂಸ ತಗುಲಿದ ಹಲಗೆಗೆ, ಯಾರಿಗಾದರೂ ವಾಂತಿ ಭೇದಿಯಾದಾಗ ಅವರು ಮುಟ್ಟಿದ ಜಾಗಗಳಿಗೆ ಸೋಂಕುನಾಶಕ ಬೇಕು. ಆಗಲೂ ಮೊದಲು ಕೊಳೆಯನ್ನು ತೊಳೆಯಬೇಕು, ಆಮೇಲೆ ದ್ರಾವಣವನ್ನು ಹಚ್ಚಿ ಬಾಟಲಿಯ ಮೇಲೆ ಬರೆದಿರುವಷ್ಟು ನಿಮಿಷ ಜಾಗವನ್ನು ಒದ್ದೆಯಾಗಿಯೇ ಬಿಡಬೇಕು. ಸಿಂಪಡಿಸಿದ ಕೂಡಲೇ ಒರೆಸಿದರೆ ಸುವಾಸನೆಯಷ್ಟೇ ಸಿಗುತ್ತದೆ. ನೀರು ಬೆರೆಸಿದ ಬ್ಲೀಚ್ ಒಂದು ದಿನದೊಳಗೆ ಶಕ್ತಿ ಕಳೆದುಕೊಳ್ಳುವುದರಿಂದ ಬೇಕಾದಷ್ಟನ್ನೇ, ತಣ್ಣೀರಿನಲ್ಲಿ ಬೆರೆಸಿಕೊಳ್ಳಿ. ಬ್ಲೀಚಿಗೆ ಆಮ್ಲವಿರುವ ಯಾವ ಕ್ಲೀನರನ್ನೂ ಸೇರಿಸಬೇಡಿ, ಕ್ಲೋರಿನ್ ಅನಿಲ ಏಳುತ್ತದೆ. ಅಮೋನಿಯಾ ಸೇರಿದರೆ ಕ್ಲೋರಮೈನ್ ಏಳುತ್ತದೆ. ಎರಡೂ ಶ್ವಾಸಕೋಶವನ್ನು ಸುಡುತ್ತವೆ. ಒಮ್ಮೆ ಅವಸರದಲ್ಲಿ ಒಂದರ ಮೇಲೊಂದು ಸುರಿದು, ಕೆಮ್ಮುತ್ತಾ ಬಚ್ಚಲಿನಿಂದ ಹೊರಗೋಡಿ ಬಂದವಳು ನಾನು. ಹೊರಗೆ ಬಂದಮೇಲೂ ಕಣ್ಣುರಿ ಬಹಳ ಹೊತ್ತು ಇತ್ತು. ವಿನೆಗರ್ ಮತ್ತು ಅಡುಗೆ ಸೋಡಾ ಬೆರೆಸಿದರೆ ಅಪಾಯವಿಲ್ಲ, ಆದರೆ ಒಂದು ಇನ್ನೊಂದನ್ನು ತಟಸ್ಥಗೊಳಿಸಿ ಹೆಚ್ಚುಕಡಿಮೆ ಉಪ್ಪುನೀರು ಉಳಿಯುತ್ತದೆ. ನಲ್ಲಿಯ ಬಿಳಿ ಕಲೆಗೆ ವಿನೆಗರ್ ಒಂದೇ ಸಾಕು. ಅಮೃತಶಿಲೆಯ ಮೇಲೆ ಮಾತ್ರ ಅದನ್ನು ಬಳಸಬೇಡಿ, ಕಲ್ಲಿನ ಹೊಳಪನ್ನೇ ಅದು ತಿನ್ನುತ್ತದೆ. ಪಾತ್ರೆ ತೊಳೆಯುವ ಸ್ಪಂಜನ್ನು ಹಿಂಡಿ ಗಾಳಿಗೆ ಇಡಿ, ಒಂದೆರಡು ವಾರಕ್ಕೊಮ್ಮೆ ಬದಲಿಸಿ.

ಶುರುಮಾಡುವುದು ಹೇಗೆಂದರೆ, ಬರುವ ವಾರ ಏನನ್ನೂ ಬದಲಿಸದೆ ಹಾಳೆಯಲ್ಲಿ ಬರೆಯಿರಿ: ಯಾವ ಕೆಲಸ, ಯಾರು ಮಾಡಿದರು, ಎಷ್ಟು ನಿಮಿಷ ಹಿಡಿಯಿತು. ಎರಡನೆಯ ವಾರದಿಂದ ನಾಲ್ಕರ ಕನಿಷ್ಠ ಕ್ರಮವನ್ನಷ್ಟೇ ಪಾಲಿಸಿ, ಮನೆ ಸ್ವಲ್ಪ ಕೊಳಕಾಗಿ ಕಂಡರೂ ಇನ್ನೊಂದನ್ನು ಸೇರಿಸಬೇಡಿ. ಅದು ಎರಡು ವಾರ ತಡೆಯಿಲ್ಲದೆ ನಡೆದ ಮೇಲೆ ದಿನದ ಉಳಿದ ಕೆಲಸಗಳನ್ನು ಒಂದೊಂದಾಗಿ, ಆಮೇಲೆ ವಾರದ ಪಾಲಿನ ಮುಕ್ಕಾಲು ಗಂಟೆಯ ಎರಡು ತುಂಡುಗಳನ್ನು ಸೇರಿಸಿಕೊಳ್ಳಿ. ಬಚ್ಚಲಿನ ನೀರೆಳೆಯುವುದು ಮಾತ್ರ, ಅತ್ತೆಯವರ ದೃಷ್ಟಿಯಿಂದ, ಇವತ್ತಿನಿಂದಲೇ ನಡೆಯಲಿ. ಮೂರು ತಿಂಗಳಾದ ಮೇಲೂ ಯಾವುದಾದರೊಂದು ಕೆಲಸ ಮತ್ತೆ ಮತ್ತೆ ತಪ್ಪುತ್ತಿದ್ದರೆ ಅದನ್ನು ಮಾಡುವವರನ್ನು ಬೈಯುವ ಮೊದಲು ಕೆಲಸವನ್ನೇ ಬದಲಿಸಿನೋಡಿ: ಪೊರಕೆ ಕೈಗೆ ಸಿಗುವಲ್ಲಿದೆಯೇ, ಹೊತ್ತು ತಪ್ಪಾಗಿದೆಯೇ, ಅಥವಾ ಆ ಕೆಲಸ ನಿಮ್ಮ ಮನೆಗೆ ಬೇಕೇ ಇಲ್ಲವೇ ಎಂದು. ಹಣದ ಅನುಕೂಲವಿದ್ದು ಹೊರಗಿನವರ ಸಹಾಯ ಪಡೆಯುವುದಾದರೆ, ವಾರದ ಪಾಲಿನ ಬಚ್ಚಲು ಮತ್ತು ನೆಲವನ್ನು ಅವರಿಗೆ ಒಪ್ಪಿಸಿ. ವಸ್ತುಗಳನ್ನು ಅವುಗಳ ಜಾಗಕ್ಕೆ ಸೇರಿಸುವುದನ್ನು ಮಾತ್ರ ನೀವೇ ಇಟ್ಟುಕೊಳ್ಳಿ, ಯಾವುದು ಎಲ್ಲಿರಬೇಕೆಂಬುದು ಗೊತ್ತಿರುವುದು ನಿಮಗೆ ಮಾತ್ರ.